ಹನ್ನೊಂದು ಗಂಟೆಯ ಗುಟುಕು

ನಮ್ಮ ಜಯತೀರ್ಥ ಕಾಕಾ ಇಪ್ಪತ್ತೈದು ವರ್ಷ ಪ್ರತಿದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಬೀರು ಕುಡಿದವರು. ಒಂದು ದಿನವೂ ಬಾಟಲಿ ಕೊಂಡವರಲ್ಲ, ಒಂದು ದಿನವೂ ತೂರಾಡುತ್ತ ಮನೆಗೆ ಬಂದವರಲ್ಲ. ಈ ಎರಡೂ ಮಾತನ್ನು ಒಟ್ಟಿಗೆ ಹೇಳಿದರೆ ಜನ ನನ್ನ ಮುಖ ನೋಡಿ ನಗುತ್ತಾರೆ. ನಗಲಿ, ನನಗೇನು! ನಾನು ಅವರ ಅಣ್ಣನ ಮಗಳು ಮೃಣಾಲಿನಿ, ಶಾಲೆಯಲ್ಲಿ ಗಣಿತ ಹೇಳುವವಳು, ಸಿಟ್ಟು ಮೂಗಿನ ತುದಿಯಲ್ಲೇ ಇಟ್ಟುಕೊಂಡವಳು ಎಂದು ಮನೆಯವರ ಮಾತು. ನಾವು ತೆಲುಗು ನಾಡಿನಲ್ಲಿ ನೆಲೆಸಿದ ಕನ್ನಡದವರು; ಹಿಮಾಯತ್‌ನಗರದ ಹಳೆಯ ಮನೆಯಲ್ಲಿ ಕೆಳಗೆ ನಾವು, ಮೇಲೆ ಕಾಕಾ ಮತ್ತು ಶಾಮಲಾ ಕಾಕು. ಕಾಕಾ ಎಂಥವರೆಂದು ನನಗಿಂತ ಚೆನ್ನಾಗಿ ಹೇಳುವವರು ಯಾರೂ ಇಲ್ಲ.

ಅವರು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮೊದಲು ಪಟಾನ್‌ಚೆರುವಿನ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿದ್ದರು. ಆ ಕಂಪನಿ ಮುಚ್ಚಿಹೋಯಿತು. ಒಂಬತ್ತು ತಿಂಗಳು ಕೆಲಸವಿಲ್ಲದೆ ಕೂತ ಮೇಲೆ, ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಸಿಗುವ ಒಂದು ಬೀರು ಕಾರ್ಖಾನೆಯ ಲ್ಯಾಬಿನಲ್ಲಿ ನೌಕರಿ ಸಿಕ್ಕಿತು. ಅವರು ಮಾಡಿದ ಅಪರಾಧ ಇಷ್ಟೇ. ಆದರೆ ನಮ್ಮದು ಮಡಿ, ಮುದ್ರೆ, ಏಕಾದಶಿ ಎಲ್ಲವೂ ಇರುವ ಮನೆ. ಹೊರಗಿನವರು ಕೇಳಿದರೆ "ಫುಡ್ ಪ್ರಾಡಕ್ಟ್ಸ್ ಕಂಪನಿ" ಎಂದು ಹೇಳಬೇಕೆಂದು ನಮಗೆಲ್ಲ ತಾಕೀತಾಯಿತು. ನನ್ನ ಅಪ್ಪ ಹನುಮಂತರಾಯರು ಆಗ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ತಮ್ಮ ಆ ಕೆಲಸಕ್ಕೆ ಸೇರಿದ ದಿನದಿಂದ ಅಪ್ಪ ಮೇಲಿನ ಮಹಡಿಗೆ ಹೋಗುವುದನ್ನೇ ಬಿಟ್ಟರು. ಜಗಳವಿಲ್ಲ, ಬೈಗುಳವಿಲ್ಲ. ಗೇಟಿನ ಹತ್ತಿರ ಎದುರಾದರೆ "ಬಂದೆಯೇನು" ಎನ್ನುತ್ತಿದ್ದರು. ಅಷ್ಟೇ.

ಕಾಕಾನ ಕೆಲಸದ ಮುಖ್ಯ ಭಾಗ ಆ ಹನ್ನೊಂದು ಗಂಟೆಯದು. ಐದು ಜನ ಒಂದು ಕೋಣೆಯಲ್ಲಿ ಮಾತಾಡದೆ ಕೂಡಬೇಕು. ಮುಂದೆ ಹೆಸರು ಬರೆಯದ ಸಣ್ಣ ಸಣ್ಣ ಗ್ಲಾಸುಗಳಲ್ಲಿ ಬೇರೆ ಬೇರೆ ಟ್ಯಾಂಕಿನ ಬೀರು. ಮೂಸಬೇಕು, ಒಂದು ಗುಟುಕು ಕುಡಿಯಬೇಕು, ತಿಳಿದದ್ದನ್ನು ಬರೆಯಬೇಕು. ಉಗುಳುವ ಹಾಗಿಲ್ಲ, ಅದರ ಕಹಿ ಗೊತ್ತಾಗುವುದೇ ಗಂಟಲಿಗೆ ಇಳಿಯುವಾಗ. ಅದಕ್ಕಾಗಿ ಬೆಳಿಗ್ಗೆಯಿಂದ ಏಲಕ್ಕಿ ಇಲ್ಲ, ಒಗ್ಗರಣೆ ಹಾಕಿದ್ದು ಇಲ್ಲ, ಊದುಬತ್ತಿ ಹಚ್ಚಿದ ಕೋಣೆಗೆ ಕಾಲಿಡುವುದಿಲ್ಲ. ಸಂಧ್ಯಾವಂದನೆ ಮಾಡುತ್ತಿದ್ದರು, ಆದರೆ ಗಂಧ ಹಚ್ಚುತ್ತಿರಲಿಲ್ಲ. ಗಂಧದ ವಾಸನೆ ಮೂಗಿಗೆ ಅಡ್ಡ ಬರುತ್ತದಂತೆ. ಬೆಳಿಗ್ಗೆ ಬರೀ ಹಣೆಯಲ್ಲಿ ಬಸ್ಸು ಹತ್ತಿ, ಸಂಜೆ ಬಂದು ಸ್ನಾನ ಮಾಡಿ ಗಂಧ ಹಚ್ಚಿಕೊಳ್ಳುತ್ತಿದ್ದರು. ನಮ್ಮ ಅಜ್ಜಿ ಇದ್ದಷ್ಟು ದಿನ ಈ ಒಂದು ವಿಷಯಕ್ಕೆ ಕಣ್ಣೀರು ಹಾಕಿದಳು, ಪಾಪ. ಕುಡಿದದ್ದಕ್ಕಲ್ಲ, ಬರೀ ಹಣೆಗೆ!

ಅವರ ಜೊತೆ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಯಾದಗಿರಿ ಕಡೆಯ ಹುಸೇನಪ್ಪ ಎಂಬವನು ಒಮ್ಮೆ ಮನೆಗೆ ಬಂದಾಗ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಅಕ್ಕಾರ, ನಿಮ್ಮ ಕಾಕಾ ಅಲ್ಲಿ ಒಂದ ಮಾತು 'ಬ್ಯಾಡ' ಅಂದ್ರ ಮುಗೀತು. ಇಡೀ ಟ್ಯಾಂಕ್ ನಿಂತು ಬಿಡತೈತಿ. ಮ್ಯಾನೇಜರ್ ಬಂದು ಕುಣಿದ್ರೂ ಬಗ್ಗಂಗಿಲ್ಲ. ಭಾಳ ಗಟ್ಟಿ ಮನಷ್ಯಾ ನೋಡ್ರಿ." ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದೆವು. ಮನೆಯಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಹೇಳಲೂ ಹಿಂಜರಿಯುವ ಮನುಷ್ಯ ಅವರು.

ಮದುವೆ, ಮುಂಜಿ ಎಂದು ಜನ ಸೇರಿದಲ್ಲೆಲ್ಲ ಕಾಕಾನ ಸುತ್ತ ಗುಂಪು ಕೂಡುತ್ತಿತ್ತು. ಫುಡ್ ಪ್ರಾಡಕ್ಟ್ಸ್ ಎಂಬ ನಮ್ಮ ಸುಳ್ಳು ಒಂದು ವರ್ಷವೂ ಬಾಳಲಿಲ್ಲ ಬಿಡಿ. ಊಟ ಮುಗಿದ ಮೇಲೆ ಒಬ್ಬೊಬ್ಬರೇ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತು, ತಮಗೆ ಗೊತ್ತಿರುವುದನ್ನು ಅವರಿಗೇ ಹೇಳಿಕೊಡುತ್ತಿದ್ದರು. ಬೀರಿನಲ್ಲಿ ಗ್ಲಿಸರಿನ್ ಹಾಕುತ್ತಾರಂತೆ, ಅದಕ್ಕೆ ಬಾಟಲಿ ತೆರೆದು ನೀರಿನಲ್ಲಿ ತಲೆಕೆಳಗೆ ಹಿಡಿದರೆ ಗ್ಲಿಸರಿನ್ ಎಲ್ಲ ಇಳಿದು ಹೋಗುತ್ತದಂತೆ. ಸ್ಟ್ರಾಂಗ್ ಬೀರು ಎಂದರೆ ಸಾದಾ ಬೀರಿಗೆ ಸಾರಾಯಿ ಬೆರೆಸಿದ್ದಂತೆ. ನೊರೆ ಬರಲೆಂದು ಯೂರಿಯಾ ಗೊಬ್ಬರ ಹಾಕುತ್ತಾರಂತೆ. ಬೇಸಿಗೆಯಲ್ಲಿ ಕುಡಿದರೆ ಮೈಗೆ ತಂಪಂತೆ, ತಲೆಗೆ ಹಚ್ಚಿದರೆ ಕೂದಲು ಮೊಳಕಾಲುದ್ದ ಬರುತ್ತದಂತೆ. ನಮ್ಮ ದೂರದ ಸಂಬಂಧಿ ಒಬ್ಬರು, ಹಳೆಯದಾದಷ್ಟೂ ರುಚಿ ಎಂದು ನಂಬಿ, ಒಂದು ಬಾಟಲಿಯನ್ನು ಏಳು ವರ್ಷ ಟ್ರಂಕಿನಲ್ಲಿ ರೇಷ್ಮೆ ಪಂಚೆಯೊಳಗೆ ಸುತ್ತಿಟ್ಟಿದ್ದರು. ಮಗನಿಗೆ ಪ್ರಮೋಷನ್ ಆದ ದಿನ ತೆರೆದು ಕುಡಿದು ಎರಡು ದಿನ ಮಲಗಿದರು. ಇನ್ನು ಕಾರ್ಖಾನೆಯಲ್ಲಿ ಕೈ ತೊಳೆಯುವ ನಲ್ಲಿಯಲ್ಲೂ ಬೀರೇ ಬರುತ್ತದೆಂದು ಆಣೆ ಮಾಡಿ ಹೇಳಿದವರೂ ಇದ್ದಾರೆ.

ಇಷ್ಟಕ್ಕೂ ಕಾಕಾ ಒಂದೇ ಉತ್ತರ ಕೊಡುತ್ತಿದ್ದರು. ನಗುತ್ತಿದ್ದರು. ಕುತ್ತಿಗೆ ಸ್ವಲ್ಪ ಓರೆ ಮಾಡಿ, "ಹೌದೇನ್ರಿ! ಹಂಗೂ ಹೇಳ್ತಾರ" ಎನ್ನುತ್ತಿದ್ದರು. ಮನೆಗೆ ಬಂದ ಮೇಲೆ ನನ್ನ ಮುಂದೆ ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದರು. ಗ್ಲಿಸರಿನ್ನೂ ಇಲ್ಲ, ಮಣ್ಣೂ ಇಲ್ಲ, ನೀರಿಗಿಂತ ಬೀರು ಸ್ವಲ್ಪ ಭಾರ, ಕೆಳಗಿಳಿಯುವಾಗ ಎಳೆ ಎಳೆಯಾಗಿ ಕಾಣುತ್ತದೆ, ಅಷ್ಟೇ. "ಮತ್ತೆ ಅಲ್ಲೇ ಯಾಕ ಹೇಳಲಿಲ್ಲ, ಕಾಕಾ?" ಎಂದರೆ ಅದಕ್ಕೂ ನಗು. ಆ ನಗುವಿನಲ್ಲಿ ನಾನೂ ಪಾಲುಗಾರ್ತಿ. ಪಾಠ ಹೇಳುವವಳಾಗಿಯೂ ಒಂದು ದಿನವೂ ಎದ್ದು ನಿಂತು ಇದು ತಪ್ಪು ಎನ್ನಲಿಲ್ಲ. ಮಜಾ ಬರುತ್ತಿತ್ತು, ಕೇಳುತ್ತ ಕೂತಿರುತ್ತಿದ್ದೆ.

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮೇಲೆ ಅಪ್ಪನಿಗೆ ಸೊಂಟದ ಎಡಗಡೆ ನೋವು ಬಂತು. ಸ್ಕ್ಯಾನ್ ಮಾಡಿಸಿದೆವು. ಮೂತ್ರನಾಳದಲ್ಲಿ ಕಲ್ಲು. ಡಾಕ್ಟರ್ ಮಾತ್ರೆ ಬರೆದು, ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ, ಹತ್ತು ದಿನ ಬಿಟ್ಟು ತಪ್ಪದೆ ಬನ್ನಿ, ಇಳಿಯದಿದ್ದರೆ ತೆಗೆಯಬೇಕಾಗುತ್ತದೆ ಎಂದರು. ತೆಗೆಯುವುದು ಎಂಬ ಮಾತಿಗೆ ಅಪ್ಪ ಹೆದರಿದರು. ಅರವತ್ತೆಂಟು ವರ್ಷ ಒಂದು ಹೊಲಿಗೆ ಹಾಕಿಸಿಕೊಳ್ಳದ ಮೈ ಅದು. ಪಾರ್ಕಿನಲ್ಲಿ ಅವರ ಜೊತೆ ಅಡ್ಡಾಡುವ ಕಲಬುರಗಿ ಕಡೆಯ ರಿಟೈರ್ಡ್ ಮಾಸ್ತರರು ಭೀಮಾಶಂಕರಪ್ಪನವರು ಆಗ ಕಿವಿಯಲ್ಲಿ ಊದಿದರು. "ರಾಯರ, ಆಪರೇಷನ್ ಗೀಪರೇಷನ್ ಯಾಕ? ದಿನಾ ಒಂದೀಟು ಬೀರು ತಗೋರಿ. ಕಲ್ಲು ಕರಗಿ ನೀರಾಗಿ ಹೋಗತೈತಿ. ನಿಮ್ಮ ಮನ್ಯಾಗ ಅದರ ಪಂಡಿತ ಅದಾನ, ಕೇಳಿ ನೋಡ್ರಿ."

ಅಪ್ಪ ಕೇಳಲು ಹೊರಟರು. ಆ ಭಾನುವಾರ ನಾನು ಮೇಲೆ ಶಾಮಲಾ ಕಾಕುವಿನ ಜೊತೆ ಸಂಡಿಗೆ ಡಬ್ಬಿಗೆ ತುಂಬುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ತಿರುಗಿ ನೋಡಿದರೆ ಬಾಗಿಲಲ್ಲಿ ಅಪ್ಪ! ಕಾಕಾ ಕೈಯಲ್ಲಿದ್ದ ಪೇಪರ್ ಬಿಟ್ಟು ಎದ್ದು ನಿಂತರು.

"ಬಾ ಅಣ್ಣಾ, ಕೂಡು ಬಾ."

ಅಪ್ಪ ಕುರ್ಚಿಯ ತುದಿಯಲ್ಲಿ ಕೂತರು. ಬಿಸಿಲಿನ ಮಾತಾಯಿತು, ನಲ್ಲಿ ನೀರು ಬರುವ ಹೊತ್ತಿನ ಮಾತಾಯಿತು. ಆಮೇಲೆ ಗೋಡೆ ನೋಡುತ್ತ ಕೇಳಿದರು.

"ಜಯಾ, ಆ ನಿಮ್ಮ ಕಾರ್ಖಾನಿದು ಅದಲಾ, ಅದು ಕಲ್ಲು ಕರಗಸ್ತದಂತ ಹೇಳ್ತಾರ. ಖರೇ ಏನು?"

ಕಾಕಾ ನಕ್ಕರು. ಕುತ್ತಿಗೆ ಓರೆ ಮಾಡಿ, "ಭಾಳ ಮಂದಿ ಹಂಗ ಹೇಳ್ತಾರ, ಅಣ್ಣಾ" ಎಂದರು.

"ಅಂದ್ರ ಗುಣಾ ಆದವರು ಇದ್ದಾರ?"

"ಆಗೇದ ಅನ್ನೋವರೂ ಇದ್ದಾರ. ಶಾಮಲಾ, ಅಣ್ಣಗ ಚಹಾ ತಾ. ಸಕ್ಕರಿ ಕಡಿಮಿ ಹಾಕು."

ಅಪ್ಪ ಚಹಾ ಕುಡಿದರು. ಮುಕ್ಕಾಲು ಗಂಟೆ ಕೂತರು. ಮಾನ್ವಿಯ ಸೋದರಮಾವನ ಮನೆಯ ಬಾವಿಯಲ್ಲಿ ಇಬ್ಬರೂ ಈಜು ಕಲಿತದ್ದು, ಕಾಕಾನ ಚಡ್ಡಿ ನೀರಿನಲ್ಲಿ ಹೋದದ್ದು, ಇಂಥವೇ ಮಾತು. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಪ್ಪ ಇಳಿದು ಹೋದ ಮೇಲೂ ಕಾಕಾ ಮೆಟ್ಟಿಲ ಹತ್ತಿರ ನಿಂತೇ ಇದ್ದರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಎಂದೂ ನೋಡಿರಲಿಲ್ಲ. ನನಗೂ ಎದೆ ತುಂಬಿ ಬಂತು. ಕಲ್ಲಿನ ಮಾತು ತಮಾಷೆಯಾಗಿ ಹಾರಿಹೋಯಿತೆಂದೇ ನಾನು ತಿಳಿದೆ. ಏಕಾದಶಿಯಂದು ಒಂದು ಹನಿ ನೀರನ್ನೂ ಮುಟ್ಟದ ನಮ್ಮ ಅಪ್ಪ ಬೀರು ಕುಡಿಯುತ್ತಾರೆಂದು ಯಾರಿಗಾದರೂ ಹೊಳೆಯುತ್ತದೆಯೇ?

ಅವರು ಕುಡಿದರು. ಆರು ವಾರ ಕುಡಿದರು. ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಅದೂ ಭೀಮಾಶಂಕರಪ್ಪನವರ ಬಾಯಿಂದ. ಬಾಟಲಿ ತಂದುಕೊಡುತ್ತಿದ್ದವರು ಅವರೇ, ಪೇಪರಿನಲ್ಲಿ ಸುತ್ತಿ, ಪಂಚಾಂಗದ ಚೀಲದಲ್ಲಿಟ್ಟು. ಔಷಧಕ್ಕೆ ದೋಷವಿಲ್ಲ ಎಂದು ಅಪ್ಪ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಆದರೂ ಗ್ಲಿಸರಿನ್ ಸಾತ್ವಿಕ ಶರೀರಕ್ಕೆ ಆಗದಲ್ಲ! ತಾಮ್ರದ ತಂಬಿಗೆಯಲ್ಲಿ ನೀರು ತುಂಬಿ, ಬಾಟಲಿಯನ್ನು ತಲೆಕೆಳಗು ಹಿಡಿದು, ಅಚ್ಯುತಾನಂತ ಗೋವಿಂದ ಎನ್ನುತ್ತ ಗ್ಲಿಸರಿನ್ ಇಳಿಸುತ್ತಿದ್ದರಂತೆ. ಉಳಿದದ್ದನ್ನು ಮಡಿ ಬಟ್ಟೆಯಲ್ಲಿ ಸೋಸಿ, ಬೆಳ್ಳಿ ಬಟ್ಟಲಿಗೆ ಹಾಕಿ, ತೀರ್ಥದ ಹಾಗೆ ಮೂರು ಸಲ ತಗೊಂಡು, ಮಿಕ್ಕಿದ್ದಕ್ಕೆ ತಟ್ಟೆ ಮುಚ್ಚಿ ನಾಳೆಗೆ ಇಡುತ್ತಿದ್ದರು. ಆ ಹಳಸಿದ, ನೊರೆ ಸತ್ತ ನೀರನ್ನು ಕಾಕಾ ಮೂಸಿದ್ದರೂ ತಲೆ ತಿರುಗಿ ಬೀಳುತ್ತಿದ್ದರು. ನಮ್ಮಮ್ಮ ಅದನ್ನು ಸುಲ್ತಾನ್ ಬಜಾರಿನ ಅಂಗಡಿಯ ಕಷಾಯ ಎಂದುಕೊಂಡಿದ್ದಳು. "ಎಷ್ಟು ಕಹಿ ವಾಸನಿ, ಪಾಪ, ಹೆಂಗ ಕುಡೀತಾರೋ" ಎಂದು ಮರುಗುತ್ತಿದ್ದಳು.

ಇದನ್ನು ಯಾರಿಗೇ ಹೇಳಿದರೂ ಬಿದ್ದು ಬಿದ್ದು ನಗುತ್ತಾರೆ. ನಾನೂ ಅರ್ಧದವರೆಗೆ ನಗುತ್ತೇನೆ.

ನಡುವೆ ನೋವು ತಾನಾಗಿ ನಿಂತಿತ್ತು. ಕಲ್ಲು ಕರಗಿತು ಎಂದು ಅಪ್ಪ ನಂಬಿದರು. ಹತ್ತನೆಯ ದಿನ ಡಾಕ್ಟರ ಹತ್ತಿರ ಹೋಗಲಿಲ್ಲ, ಇಪ್ಪತ್ತನೆಯ ದಿನವೂ ಹೋಗಲಿಲ್ಲ. ನಾನು ಕೇಳಿದರೆ "ಗುಣಾ ಆಗೇದವಾ, ಸುಮ್ಮನಿರು" ಎನ್ನುತ್ತಿದ್ದರು. ಮೂರು ಲೀಟರ್ ನೀರೂ ಬೇಡವಾಯಿತು. ಮೇ ತಿಂಗಳ ಕೊನೆಯಲ್ಲಿ ಜ್ಯೇಷ್ಠದ ಏಕಾದಶಿ ಬಂತು. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು. ದಶಮಿಯ ಒಂದು ಊಟದ ಮೇಲೆ ದ್ವಾದಶಿಯ ಬೆಳಗಿನವರೆಗೆ ನಾಲಿಗೆಗೆ ನೀರು ಸೋಕಿಸಲಿಲ್ಲ. ಪಾರಣೆಗೆ ಎಲೆಯ ಮುಂದೆ ಕೂತವರು ಹಾಗೇ ಪಕ್ಕಕ್ಕೆ ಒರಗಿದರು. ಮೈ ಕೆಂಡದಂತೆ ಸುಡುತ್ತಿತ್ತು, ಹಲ್ಲು ಕಟಕಟ ನಡುಗುತ್ತಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರ್ ಸ್ಕ್ಯಾನ್ ನೋಡಿ ಮುಖ ಗಂಟಿಕ್ಕಿದರು. ಕಲ್ಲು ದಾರಿ ಕಟ್ಟಿ, ಎಡಗಡೆಯ ಮೂತ್ರಪಿಂಡ ಊದಿ, ಒಳಗೆ ಕೀವಾಗಿತ್ತು. ಬಲಗಡೆಯದು ಮೊದಲಿನಿಂದಲೇ ಸಣ್ಣದಂತೆ, ಮೊದಲ ಸ್ಕ್ಯಾನಿನಲ್ಲೂ ಇದ್ದಿರಬೇಕು, ನಮಗೆ ಗೊತ್ತೇ ಆಗಿರಲಿಲ್ಲ. "ಹತ್ತು ದಿನಕ್ಕೆ ಬರಬೇಕಿತ್ತು, ಯಾಕೆ ಬರಲಿಲ್ಲ?" ಎಂದು ಅವರು ತೆಲುಗಿನಲ್ಲಿ ಕೇಳಿದರು. ಅಪ್ಪ ಕಣ್ಣು ಮುಚ್ಚಿಕೊಂಡೇ ಕನ್ನಡದಲ್ಲಿ ಹೇಳಿದರು.

"ಜಯಾ ಹೇಳಿದ್ದ. ಬೀರಿಗೆ ಕಲ್ಲು ಕರಗತದಂತ."

ಕಾಕಾ ಮಂಚದ ಕಾಲ ಹತ್ತಿರವೇ ನಿಂತಿದ್ದರು. ನಾನು ಅವರ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಅಕ್ಕಪಕ್ಕದವರು ನೋಡುತ್ತಾರೆಂಬ ಪರಿವೆ ನನಗಿರಲಿಲ್ಲ.

"ಅಲ್ಲಿ ನೀವು 'ಬ್ಯಾಡ' ಅಂದ್ರ ಟ್ಯಾಂಕ್ ನಿಲ್ಲತದಂತ! ಇಲ್ಲಿ ಆ ಒಂದ ಮಾತು ಹೇಳಲಿಕ್ಕೆ ನಿಮ್ಮ ಬಾಯಿಗೆ ಏನಾಗಿತ್ತು, ಕಾಕಾ? ನಿಮಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತವಾ."

"ಮತ್ತ?"

"ತಪ್ಪು ಅಂದಿದ್ರ ಅಣ್ಣ ಎದ್ದು ಹೋಗ್ತಿದ್ದ, ಮೃಣಾ. ಇಪ್ಪತ್ತೈದು ವರ್ಷಕ್ಕ ಬಂದು ಕೂತಿದ್ದ."

ಎಲ್ಲ ಕಡೆಯೂ, ಎಲ್ಲರೊಡನೆಯೂ ಅವರು ಯಾಕೆ ನಗುತ್ತಿದ್ದರೆಂದು ನನಗೆ ಆಗ ತಿಳಿಯಿತು. ನಮ್ಮ ಜನ ಕಾಕಾನ ಹತ್ತಿರ ಬಂದು ಕೂಡುತ್ತಿದ್ದದ್ದು ಆ ಒಂದು ವಿಷಯಕ್ಕೆ ಮಾತ್ರ. ಅದನ್ನು ತಿದ್ದಿದರೆ ಕುರ್ಚಿ ಖಾಲಿಯಾಗುತ್ತದೆ ಎಂಬ ಭಯ ಆ ಮನುಷ್ಯನಿಗೆ. ನನ್ನ ಸಿಟ್ಟು ಇಳಿಯಲಿಲ್ಲ. ಆದರೆ ಯಾರ ಮೇಲೆ ಮಾಡಬೇಕೋ ತಿಳಿಯದಾಯಿತು.

ಆಮೇಲೆ ಕಾಕಾ ಒಳಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ತಾವೇ ಹೇಳಿದರು. ಅಣ್ಣ ತಮ್ಮನ್ನು ಕೇಳಿದ್ದು, ತಾವು ನಕ್ಕದ್ದು ಕೂಡ. ಡಾಕ್ಟರ್ ಒಳ್ಳೆಯವರು. "ಕುಡಿದ ಆ ನಾಲ್ಕು ಗುಟುಕಿನಿಂದ ಆದದ್ದಲ್ಲ ಇದು. ಅದನ್ನು ನಂಬಿ ಆರು ವಾರ ಕಾದರಲ್ಲ, ಅದರಿಂದ ಆಯಿತು" ಎಂದರು. ಸಮಾಧಾನಕ್ಕೆಂದು ಹೇಳಿದ ಮಾತು. ಕಾಕಾನಿಗೆ ಅದು ಎಲ್ಲಿ ತಗುಲಬೇಕೋ ಅಲ್ಲೇ ತಗುಲಿತು. ಅಪ್ಪನ ಜೀವ ಉಳಿಯಿತು. ಎಡಗಡೆಯ ಮೂತ್ರಪಿಂಡ ಉಳಿಯಲಿಲ್ಲ, ಇದ್ದೂ ಇಲ್ಲದಂತಾಯಿತು.

ಈಗ ಕಾಕಾ ನಗುವುದಿಲ್ಲ. ಯಾರಾದರೂ ಗ್ಲಿಸರಿನ್ ಎಂದರೆ ಸಾಕು, "ಇಲ್ರಿ, ಅದು ತಪ್ಪು" ಎಂದು ಶುರು ಮಾಡಿ, ಬಾರ್ಲಿ ನೆನೆಸಿ ಮೊಳಕೆ ಬರಿಸುವುದರಿಂದ ಹಿಡಿದು ಬಾಟಲಿ ತುಂಬುವವರೆಗೆ ಬಿಡದೆ ಹೇಳುತ್ತಾರೆ. ಕೇಳುವವರು ಗಡಿಯಾರ ನೋಡುತ್ತಾರೆ, ಮಜ್ಜಿಗೆ ತರುತ್ತೇನೆಂದು ಎದ್ದವರು ಮರಳುವುದಿಲ್ಲ. ಹೋದ ತಿಂಗಳ ಮದುವೆಯಲ್ಲಿ ಕಾಕಾ ಮೂರು ಖಾಲಿ ಕುರ್ಚಿಗಳ ನಡುವೆ ಒಬ್ಬರೇ ಕೂತದ್ದನ್ನು ನೋಡಿದೆ. ಹೋಗಿ ಪಕ್ಕದಲ್ಲಿ ಕೂತೆ. ಅವರು ನನಗೇ ಯೀಸ್ಟಿನ ವಿಷಯ ಹೇಳತೊಡಗಿದರು!

ಆದರೆ ನಾನು ಇಷ್ಟೆಲ್ಲ ಬರೆಯಲು ಕೂತದ್ದು ಒಂದು ಬೆಳಗಿನ ಸಲುವಾಗಿ. ಅಪ್ಪ ಮನೆಗೆ ಬಂದ ಮೇಲಿನ ಮೊದಲ ಏಕಾದಶಿ ಅದು. ಗಂಟೆಗೊಮ್ಮೆ ನೀರು ಕುಡಿಯಲೇಬೇಕು, ಒಂದು ದಿನ ತಪ್ಪಿದರೂ ಉಳಿದಿರುವ ಆ ಸಣ್ಣ ಮೂತ್ರಪಿಂಡಕ್ಕೂ ಅಪಾಯ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಅಪ್ಪ ಕೇಳಬೇಕಲ್ಲ! ನಲವತ್ತು ವರ್ಷದ ವ್ರತ, ಸತ್ತರೆ ಏಕಾದಶಿಯಂದೇ ಸಾಯುತ್ತೇನೆ ಎಂದು ಹಟ ಹಿಡಿದು ಮಲಗಿದರು. ಅಮ್ಮ ಕಾಲು ಹಿಡಿದಳು. ಮಠದ ಆಚಾರ್ಯರಿಗೆ ಫೋನು ಮಾಡಿಸಿ, ರೋಗಿಗಳಿಗೆ ನೀರಿಗೆ ಅಡ್ಡಿಯಿಲ್ಲವೆಂದು ಅವರಿಂದಲೇ ಹೇಳಿಸಿದೆವು. ನಾನು ಕೂಗಾಡಿದೆ. ಅಪ್ಪ ಗೋಡೆಗೆ ಮುಖ ಮಾಡಿಕೊಂಡರೇ ಹೊರತು ಈ ಕಡೆ ತಿರುಗಲಿಲ್ಲ.

ಎಂಟು ಗಂಟೆಗೆ ಕಾಕಾ ಕೆಲಸಕ್ಕೆ ಹೊರಟವರು ಹೆಗಲ ಚೀಲದ ಸಮೇತ ಒಳಗೆ ಬಂದರು. ಮಂಚದ ಮೇಲೆ ಕೂತರು. ಸೀದಾ ಹೇಳಿದರು.

"ಅಣ್ಣಾ, ಬೀರು ಕಲ್ಲು ಕರಗಸೂದಿಲ್ಲ. ಅವತ್ತೂ ನನಗ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ."

ಅಪ್ಪ ಗೋಡೆ ನೋಡುತ್ತಲೇ ಇದ್ದರು. "ಇರಲಿ ಬಿಡು, ಜಯಾ. ನೀ ಬ್ಯಾಡ ಅಂದಿದ್ರ ನಾ ಎಲ್ಲಿ ನಂಬತಿದ್ದೆ? ನಿನ್ನ ಮಾತು ನಾ ಎಂದ ನಂಬೀನಿ?"

ತಮ್ಮನ ತಪ್ಪನ್ನು ಹಗುರ ಮಾಡಲೆಂದೇ ಅಪ್ಪ ಹಾಗೆ ಹೇಳಿದ್ದು. ನಮಗೆಲ್ಲ ಗೊತ್ತಾಯಿತು. ಕಾಕಾ ಹೂಂ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು ಹೂಂ ಅನ್ನಲಿಲ್ಲ.

"ನಂಬತಿದ್ದಿ, ಅಣ್ಣಾ. ಅವತ್ತ ಒಂದ ದಿನ ನೀ ನನ್ನ ನಂಬಲಿಕ್ಕಂತನ ಬಂದಿದ್ದಿ."

ಅಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಅಪ್ಪ ಮೆಲ್ಲಗೆ ಈ ಕಡೆ ಹೊರಳಿ ತಮ್ಮನ ಮುಖ ನೋಡಿದರು.

"ಈಗ ಏನಂತಿ?"

"ನೀರು ಕುಡಿ ಅಂತೀನಿ."

ಅಪ್ಪ ಎದ್ದು ಕೂತು ಕೈ ಚಾಚಿದರು. ಕಾಕಾ ಲೋಟ ಕೊಟ್ಟರು. ಅವರು ಪೂರ್ತಿ ಕುಡಿದು ಮುಗಿಸುವವರೆಗೆ ಕಾಕಾ ಅಲ್ಲಿಂದ ಏಳಲಿಲ್ಲ.